ಗೇಟು ಮುಚ್ಚಿದ್ದರೂ ಗಾಳ ಹಾಕಬಾರದೇ?

ಪ್ರಶ್ನೆ: ನಾವು ಕೊಂಕಲ್‌ನವರು. ಒಂದು ಕಡೆ ಕೃಷ್ಣಾ, ಒಂದು ಕಡೆ ಭೀಮಾ. ಸಣ್ಣಾಂವ ಇದ್ದಾಗಿಂದ ನನಗ ಗಾಳ ಹಾಕೋ ಚಟ. ಡ್ಯಾಮಿನ ಕೆಳಗ, ಬ್ಯಾರೇಜಿನ ಕೆಳಗ ಹೋಗಿ ಕುಂತ್ರ ಯಾರರೆ ಒಬ್ಬರು ಬಂದು ‘ಏಳ್ರಿ, ಇಲ್ಲಿ ಕೂಡಂಗಿಲ್ಲ’ ಅಂತಾರ. ನೀರು ಬಿಟ್ಟಾಗ ಬ್ಯಾಡ ಅಂದ್ರ ತಿಳೀತದ. ಬ್ಯಾಸಗ್ಯಾಗ ಮೊಣಕಾಲಮಟ ನೀರಿದ್ದಾಗೂ ಯಾಕ? ನನ್ನ ಗಾಳಕ್ಕೂ ಅವರ ಡ್ಯಾಮಿಗೂ ಏನು ಸಂಬಂಧ? ಮೊಸಳಿ ಅದಾವ ಅಂತ ಬ್ಯಾರೆ ಹೆದರಸ್ತಾರ, ಖರೇನ? ಬ್ಯಾರೆ ದೇಶದಾಗೂ ಹಿಂಗ ಅದ ಏನು?
– ಓದುಗರೊಬ್ಬರು, ಕೊಂಕಲ್, ಯಾದಗಿರಿ ಜಿಲ್ಲೆ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೌದು, ಬೇರೆ ದೇಶದಲ್ಲೂ ಹೀಗೇ ಇದೆ. ಅಲ್ಲಿ ಗಾಳದವರು ಸರ್ಕಾರದ ಮೇಲೆ ತಿರುಗಿಬಿದ್ದು ಗೆದ್ದದ್ದೂ ಉಂಟು. ಆ ಕಥೆಗೆ ಆಮೇಲೆ ಬರುತ್ತೇನೆ. ಅದಕ್ಕೆ ಮುಂಚೆ ನಿಮ್ಮ ಹೊಳೆಯನ್ನೇ ನೋಡಬೇಕು, ಯಾಕೆಂದರೆ ಅಮೆರಿಕದವರು ಗೆದ್ದ ವಾದ ಕೃಷ್ಣೆಯ ದಂಡೆಗೆ ಬಂದರೆ ಅರ್ಧ ಮಾತ್ರ ನಿಲ್ಲುತ್ತದೆ.

‘ಏಳ್ರಿ’ ಎಂದು ನಿಮ್ಮನ್ನು ಎಬ್ಬಿಸುವ ಮಾತು ಒಂದೇ, ಅದರ ಹಿಂದಿನ ಕಾರಣಗಳು ಬೇರೆ ಬೇರೆ. ಅಣೆಕಟ್ಟು, ಗೇಟು, ಅದರ ಸುತ್ತಲಿನ ಜಾಗ ಕೃಷ್ಣಾ ಭಾಗ್ಯ ಜಲ ನಿಗಮದ್ದು. ಅಲ್ಲಿಗೆ ಪೊಲೀಸ್ ಕಾವಲು ಇರುವುದು ಕಟ್ಟಡದ ಭದ್ರತೆಗೆ. ಹೊಳೆಗೆ ನೀರು ಬಿಡುವ ಮುಂಚೆ ಹಳ್ಳಿಹಳ್ಳಿಗೆ ಡಂಗುರ ಹೊಡೆಸಿ, ಯಾರೂ ನದಿಗೆ ಇಳಿಯಬೇಡಿ, ದನ ಬಿಡಬೇಡಿ, ಮೀನಿಗೆ ಹೋಗಬೇಡಿ ಎನ್ನುವುದು ಜಿಲ್ಲಾಡಳಿತ. ಮೀನು ಯಾರದು, ಯಾವ ಬಲೆ ಬೀಸಬಹುದು, ಯಾವ ತಿಂಗಳು ಬಿಡಬೇಕು ಎಂಬುದು ಮೀನುಗಾರಿಕೆ ಇಲಾಖೆಯ ಲೆಕ್ಕ. ಇವರ ಜೊತೆಗೆ, ಆ ನೀರಿನ ಗುತ್ತಿಗೆ ಹಿಡಿದವರ ಕಡೆಯ ಆಳು ಕೂಡ ಬಂದು ಎಬ್ಬಿಸಬಹುದು. ನಿಮಗೆ ಬೇಸಿಗೆಯಲ್ಲಿ ಏಳಿ ಅಂದವರು ಇವರಲ್ಲಿ ಯಾರು ಎಂಬುದರ ಮೇಲೆ ಉತ್ತರವೂ ಬದಲಾಗುತ್ತದೆ.

ನೀರಿನಿಂದ ಶುರು ಮಾಡೋಣ. ಕಾಗದದಲ್ಲಿ ಬಸವಸಾಗರ ಎನಿಸಿಕೊಂಡ ನಾರಾಯಣಪುರ ಅಣೆಕಟ್ಟು ಮುಗಿದದ್ದು 1982ರಲ್ಲಿ. 30 ಗೇಟು. ತುಂಬಿದಾಗ ನೀರಿನ ಮಟ್ಟ 492.25 ಮೀಟರ್, ಹಿಡಿಯುವುದು ಸುಮಾರು 33 ಟಿಎಂಸಿ ಅಡಿ. ಅದರ ಮೇಲಿರುವ ಆಲಮಟ್ಟಿ 519.60 ಮೀಟರಿಗೆ 123 ಟಿಎಂಸಿ ಅಡಿ ಹಿಡಿಯುತ್ತದೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಕೆಳಗಿನ ಹೊಳೆ ಯಾಕೆ ಇಷ್ಟು ಬೇಗ ಏರುತ್ತದೆ ಎಂಬುದು ಅಲ್ಲೇ ಇದೆ. ಒಂದು ಲಕ್ಷ ಕ್ಯುಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ 8.64 ಟಿಎಂಸಿ ಅಡಿ ಆಗುತ್ತದೆ. ಅಂದರೆ ನಾರಾಯಣಪುರ ಪೂರ್ತಿ ಬರಿದಾಗಿದ್ದರೂ ಒಂದು ಲಕ್ಷ ಕ್ಯುಸೆಕ್ ಒಳಹರಿವಿಗೆ ನಾಲ್ಕು ದಿನದೊಳಗೆ ತುಂಬಿ ತುಳುಕುತ್ತದೆ. 2019ರ ಆಗಸ್ಟಿನಲ್ಲಿ ಅಲ್ಲಿಂದ ಹೊಳೆಗೆ ಬಿಟ್ಟದ್ದು 6 ಲಕ್ಷ ಕ್ಯುಸೆಕ್ ಆಸುಪಾಸು. ಆ ಲೆಕ್ಕದಲ್ಲಿ ಒಂದು ದಿನದ ನೀರು ಇಡೀ ಜಲಾಶಯದ ಒಂದೂವರೆ ಪಟ್ಟು. ಇಂಥ ಜಲಾಶಯ ನೀರನ್ನು ತಡೆದು ನಿಲ್ಲಿಸುವುದಿಲ್ಲ, ಮೇಲಿನಿಂದ ಬಂದದ್ದನ್ನು ಕೆಳಗೆ ದಾಟಿಸುತ್ತದೆ. ಕೊಯ್ನಾ ಕಣಿವೆಯಲ್ಲಿ ಮಳೆ ಹೆಚ್ಚಾದರೆ ಆಲಮಟ್ಟಿಯವರು ಬಿಡುತ್ತಾರೆ, ಆಲಮಟ್ಟಿಯವರು ಬಿಟ್ಟರೆ ನಾರಾಯಣಪುರದವರಿಗೆ ಬೇರೆ ದಾರಿಯಿಲ್ಲ. ಕೊಂಕಲ್‌ನಲ್ಲಿ ಮೋಡವೇ ಇಲ್ಲದ ದಿನವೂ ಕೊಳ್ಳೂರು ಸೇತುವೆ ಮುಳುಗುವುದು ಹೀಗೆ.

ಕೃಷ್ಣಾ ನಡುವಿನ ನೀಲಕಂಠರಾಯನಗಡ್ಡಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹೊಳೆ ಬಂದರೆ ಅವರ ಊರು ಹೊರಗಿನ ಲೋಕದಿಂದ ಕಡಿದುಹೋಗುತ್ತದೆ. ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜಿ ದಾಟಿದ ಜನ ಅವರು. ಅಷ್ಟು ನೀರು ಬಲ್ಲವರೂ ಗೇಟು ತೆರೆದಾಗ ಅಣೆಕಟ್ಟಿನ ಬುಡಕ್ಕೆ ಹೋಗುವುದಿಲ್ಲ. ಗೇಟಿನ ಕೆಳಗಿನ ನೀರಿನ ನಡೆ ಬೇರೆ. ಮೇಲಿಂದ ಧುಮುಕಿದ ನೀರಿನ ರಭಸ ಇಳಿಯಲಿ ಎಂದು ಅಲ್ಲಿ ಕಾಂಕ್ರೀಟಿನ ದೊಡ್ಡ ತೊಟ್ಟಿಯಂಥ ಜಾಗ ಕಟ್ಟಿರುತ್ತಾರೆ. ಅದರೊಳಗೆ ತಳದ ನೀರು ಮುಂದಕ್ಕೆ ಓಡುತ್ತದೆ, ಮೇಲಿನ ನೀರು ಹಿಂದಕ್ಕೆ, ಗೇಟಿನ ಕಡೆಗೇ ಹೊರಳುತ್ತದೆ. ಸಿಕ್ಕ ಹರಿಗೋಲನ್ನು ಅದು ಹಿಂದಕ್ಕೆ ಎಳೆದು ಅಲ್ಲೇ ಉರುಳಾಡಿಸುತ್ತದೆ. ನೊರೆತುಂಬಿದ ನೀರಿಗೆ ತೇಲಿಸುವ ಕಸುವೂ ಕಡಿಮೆ, ಹಾಗಾಗಿ ಈಜು ಬಂದವನೂ ಮುಳುಗುತ್ತಾನೆ. ಬ್ಯಾರೇಜುಗಳಲ್ಲಿ ಇದು ಇನ್ನೂ ಮೋಸದ ವಿಷಯ. ಕಟ್ಟೆ ಗಿಡ್ಡ, ಸದ್ದು ಕಡಿಮೆ, ನೋಡಲು ಏನೂ ಇಲ್ಲದಂತಿರುತ್ತದೆ.

ಇದೆಲ್ಲ ಮಳೆಗಾಲದ ಮಾತಾಯಿತು, ನನ್ನ ಪ್ರಶ್ನೆ ಬೇಸಿಗೆಯದು ಅನ್ನುತ್ತೀರಿ. ಸರಿ, ಬೇಸಿಗೆಗೇ ಬರೋಣ. 2019ರ ಮೇ ತಿಂಗಳು, ಅದೇ ವರ್ಷದ ಮಹಾಪೂರಕ್ಕೆ ಮೂರು ತಿಂಗಳು ಮುಂಚೆ. ಮಹಬೂಬ್‌ನಗರದ ಕಡೆ ಕುಡಿಯುವ ನೀರಿಗೆ ತತ್ವಾರವಾಗಿ ತೆಲಂಗಾಣ ಸರ್ಕಾರ ಕೇಳಿಕೊಂಡಿತು. ಕರ್ನಾಟಕ ನಾರಾಯಣಪುರದಿಂದ ಅಲ್ಲಿನ ಜುರಾಲಾ ಜಲಾಶಯಕ್ಕೆ ಎರಡೂವರೆ ಟಿಎಂಸಿ ಅಡಿ ಬಿಡಲು ಒಪ್ಪಿತು. ಆ ನೀರು ಹರಿಯುವುದು ನಿಮ್ಮ ಹೊಳೆಯಲ್ಲೇ. ರಾಯಚೂರು ಕಡೆಯ ಕುಡಿಯುವ ನೀರಿಗೆ, ಶಾಖೋತ್ಪನ್ನ ಕೇಂದ್ರಕ್ಕೆ ಬಿಡುವುದೂ ಬಿರುಬೇಸಿಗೆಯಲ್ಲೇ. ಎಂದರೆ ಮೊಣಕಾಲಮಟದ ನೀರು ನಾಳೆಯೂ ಅಷ್ಟೇ ಇರುತ್ತದೆ ಎಂಬ ಭರವಸೆ ಬೇಸಿಗೆಯಲ್ಲೂ ಇಲ್ಲ. ಮಳೆಗಾಲದ ಹೊಳೆಯನ್ನು ಕಂಡು ಜನ ತಾವೇ ಹಿಂದೆ ಸರಿಯುತ್ತಾರೆ. ಬೇಸಿಗೆಯ ಬಂಡೆ ಮೇಲೆ ಕೂತವನು ಗಾಳದ ಬೆಂಡಿನ ಮೇಲೆ ಕಣ್ಣಿಟ್ಟು ಹಿಂದಿನ ಕಾಲುವೆ ತುಂಬಿದ್ದನ್ನೂ ನೋಡಿರುವುದಿಲ್ಲ.

2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಆದದ್ದು ಇದೇ. ಹೈದರಾಬಾದಿನಿಂದ ಪ್ರವಾಸ ಹೋಗಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸಂಜೆ ಬಂಡೆಗಳ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮೇಲಿನ ಲಾರ್ಜಿ ಜಲವಿದ್ಯುತ್ ಯೋಜನೆಯಿಂದ ನೀರು ಬಿಟ್ಟರು. 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಮಳೆ ಇರಲಿಲ್ಲ, ಪ್ರವಾಹದ ಸುದ್ದಿಯೂ ಇರಲಿಲ್ಲ. ಇನ್ನು, ಯಾರೂ ಬಿಡದೆಯೇ ನೀರು ಬರುವುದೂ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಕಡಿದು ಗೇಟೇ ಹೋಯಿತು. ಆ ಒಂದೇ ಕಿಂಡಿಯಿಂದ 35 ಸಾವಿರ ಕ್ಯುಸೆಕ್‌ನಷ್ಟು ನೀರು ನುಗ್ಗಿತು. ಅಂಥದ್ದು ಎಪ್ಪತ್ತು ವರ್ಷಕ್ಕೊಮ್ಮೆ ಆಗುವುದಿರಬಹುದು, ಆದರೂ ಅಣೆಕಟ್ಟಿನ ಬುಡದಲ್ಲಿ ಕೂತವನಿಗೆ ಒಮ್ಮೆ ಆದರೆ ಸಾಕು.

ಹಾಗಾದರೆ ಮೀನಿನ ಕಾರಣ? ನಿಮ್ಮಂಥ ಗಾಳದವರು ಅಣೆಕಟ್ಟಿನ ಬುಡವನ್ನೇ ಹುಡುಕಿಕೊಂಡು ಹೋಗುವುದು ಸುಮ್ಮನೆ ಅಲ್ಲ. ಮುಂಗಾರಿನ ಹೊಸನೀರು ಬಂದಾಗ ಮೀನುಗಳು ಮೊಟ್ಟೆ ಇಡಲು ಹರಿವಿಗೆ ಎದುರಾಗಿ ಏರುತ್ತವೆ. ಮಲೆನಾಡಿನವರು ಹತ್ತುಮೀನು ಎನ್ನುವುದು ಇದನ್ನೇ. ಏರುವ ದಾರಿಯಲ್ಲಿ ಅಣೆಕಟ್ಟು ಅಡ್ಡ ಬಂದರೆ ಅವು ವಾಪಸ್ ಹೋಗುವುದಿಲ್ಲ, ಅಲ್ಲೇ ಬುಡದಲ್ಲಿ ಒತ್ತೊತ್ತಾಗಿ ನಿಂತು ಗೋಡೆಗೆ ಮುಖ ಮಾಡಿ ಕಾಯುತ್ತವೆ. ಜಲಾಶಯದಿಂದ ಗೇಟು ದಾಟಿ ಬಿದ್ದ ಸಣ್ಣ ಮೀನುಗಳು ಅರೆಪ್ರಜ್ಞೆಯಲ್ಲಿ ತೇಲುತ್ತವೆ, ಅವನ್ನು ತಿನ್ನಲು ಬಾಳೆಮೀನಿನಂಥ ದೊಡ್ಡವು ಸೇರುತ್ತವೆ. ನೀರಿನಲ್ಲಿ ಗಾಳಿಯೂ ಚೆನ್ನಾಗಿ ಬೆರೆತಿರುತ್ತದೆ. ಹೊಳೆಯ ಐವತ್ತು ಮೈಲಿಯಲ್ಲಿ ಹರಡಿರಬೇಕಾದ ಮೀನು ಒಂದು ಫರ್ಲಾಂಗಿನಲ್ಲಿ ಸಿಗುತ್ತದೆ. ಗಾಳದವನಿಗೆ ಇದು ಹಬ್ಬ. ಸಿಡಿಮದ್ದಿನವನಿಗೂ ಹಬ್ಬ, ಸಣ್ಣ ಕಣ್ಣಿನ ಬಲೆಯವನಿಗೂ ಹಬ್ಬ. ತತ್ತಿ ತುಂಬಿದ ಮೀನನ್ನು ಅಲ್ಲೇ ಬಳಿದುಬಿಟ್ಟರೆ ಮುಂದಿನ ವರ್ಷ ಹೊಳೆಯಲ್ಲಿ ಏನು ಉಳಿಯಬೇಕು?

ಈ ಚಿಂತೆ ಹೊಸದಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಮೀನು ತಜ್ಞ ಫ್ರಾನ್ಸಿಸ್ ಡೇ 1873ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಅಣೆಕಟ್ಟೆಗಳು ಮೀನಿನ ದಾರಿ ಕಟ್ಟುವುದನ್ನೂ ಕಟ್ಟೆಯ ಬುಡದಲ್ಲಿ ನಡೆಯುವ ಕೊಳ್ಳೆಯನ್ನೂ ಬರೆದಿದ್ದರು. ಅದೇ ವರ್ಷ ಭಾರತದ ಗಾಳಗಾರಿಕೆಯ ಮೇಲೆ ಪುಸ್ತಕ ಬರೆದ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ಗಾಳದ ಹುಚ್ಚಿನವರೇ ಮೀನಿನ ಮೇಲೆ ನಿರ್ಬಂಧ ಬೇಕೆಂದು ಕೇಳಿದ ಕಾಲ ಅದು. ಅದರ ಫಲವಾಗಿ ಬಂದ 1897ರ ಮೀನುಗಾರಿಕೆ ಕಾಯ್ದೆ ಸಿಡಿಮದ್ದು, ವಿಷ ಎರಡನ್ನೂ ನಿಷೇಧಿಸಿತು. ಗೊತ್ತುಮಾಡಿದ ನೀರಿನಲ್ಲಿ ಮೀನು ಹಿಡಿಯುವುದನ್ನೇ ನಿಲ್ಲಿಸುವ ಅಧಿಕಾರವನ್ನೂ ಕೊಟ್ಟಿತು. ಆದರೆ ಹಾಗೆ ಪೂರ್ತಿ ನಿಲ್ಲಿಸುವುದಕ್ಕೆ ಗಡುವು ಇಟ್ಟಿತು: ಎರಡು ವರ್ಷ ಮೀರುವಂತಿಲ್ಲ. ಆಗ ಸುರಪುರ, ಶಹಾಪುರ, ಯಾದಗಿರಿ ಎಲ್ಲ ನಿಜಾಮರ ಸೀಮೆಯಾದ್ದರಿಂದ ಈ ಕಾಯ್ದೆ ನಿಮ್ಮ ಅಜ್ಜಂದಿರ ಕಡೆ ಬರಲಿಲ್ಲ. ಈಗ ನಿಮಗೆ ಅನ್ವಯಿಸುವುದು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ. ಮದ್ದು ಸಿಡಿಸುವುದು, ವಿಷ ಹಾಕುವುದು ಅದರಲ್ಲೂ ಅಪರಾಧ. ನಿಮ್ಮ ಒಂದು ಕೋಲು, ಒಂದು ದಾರ, ಎರೆಹುಳದ ಮೇಲೆ ಅದಕ್ಕೆ ದ್ವೇಷವೇನೂ ಇಲ್ಲ.

ಗಾಳ ನಮ್ಮ ಕಡೆಯ ಬಹಳ ಹಳೆಯ ವಿನೋದ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಅಧ್ಯಾಯವೇ ಇದೆ. ಮೀನಿನ ಜಾತಿಗಳು, ಯಾವುದಕ್ಕೆ ಯಾವ ಆಹಾರ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಮೀನು ತಜ್ಞ ಸುಂದರ್‌ಲಾಲ್ ಹೋರಾ 1951ರಲ್ಲಿ ಅದರ ಮೇಲೆ ಲೇಖನ ಬರೆದು ವಿಜ್ಞಾನಿಗಳ ಗಮನಕ್ಕೆ ತಂದರು. ಬಸವಕಲ್ಯಾಣದ ಅರಮನೆಯಲ್ಲಿ ರಾಜನಿಗೆ ಹಿಡಿದ ಹುಚ್ಚು ಕೊಂಕಲ್‌ನಲ್ಲಿ ನಿಮಗೆ ಹಿಡಿದಿದೆ ಅಂದರೆ ನಾಚಿಕೊಳ್ಳುವಂಥದ್ದೇನಿಲ್ಲ.

ಈಗ ಅಮೆರಿಕದ ಕಥೆ. ಕೆಂಟಕಿ ಮತ್ತು ಟೆನೆಸೀ ರಾಜ್ಯಗಳಲ್ಲಿ ಹರಿಯುವ ಕಂಬರ್‌ಲ್ಯಾಂಡ್ ನದಿ ಮತ್ತದರ ಉಪನದಿಗಳ ಮೇಲೆ ಹತ್ತು ಅಣೆಕಟ್ಟುಗಳಿವೆ. ಅವನ್ನು ನಡೆಸುವುದು ಅಲ್ಲಿನ ಸೇನೆಯ ಎಂಜಿನಿಯರುಗಳ ದಳ. 2012ರ ಡಿಸೆಂಬರಿನಲ್ಲಿ ಆ ದಳ, ಹತ್ತೂ ಅಣೆಕಟ್ಟುಗಳ ಹತ್ತಿರದ ನೀರಿಗೆ ದೋಣಿ ಬರದಂತೆ ಅಡ್ಡಲಾಗಿ ತೇಲುವ ತಡೆ ಕಟ್ಟುತ್ತೇವೆ, ವರ್ಷದ ಅಷ್ಟೂ ದಿನ, ಹಗಲೂ ರಾತ್ರಿ, ಎಂದು ಹೇಳಿತು. ಜನ ಮುಳುಗಿ ಸಾಯುತ್ತಿದ್ದಾರೆ ಎಂಬುದು ಅವರ ಕಾರಣ. ಅಲ್ಲಿನ ಗಾಳದವರು ಕೆರಳಿದರು. ಅವರಿಗೂ ನಿಮ್ಮ ಹಾಗೆ ಅಣೆಕಟ್ಟಿನ ಬುಡವೇ ಬೇಕು, ಯಾಕೆಂದರೆ ಅಲ್ಲಿಯ ಮೀನೂ ಅಲ್ಲೇ ಸೇರುತ್ತದೆ. ಆ ಮೀನನ್ನು ನಂಬಿಕೊಂಡ ಅಂಗಡಿ, ಬಾಡಿಗೆ ದೋಣಿ, ಸಣ್ಣ ಹೋಟೆಲುಗಳ ಊರುಗಳೇ ಅಲ್ಲಿವೆ.

ಅವರ ಪರ ನಿಂತ ಟೆನೆಸೀಯ ಸೆನೆಟರ್ ಲಮಾರ್ ಅಲೆಕ್ಸಾಂಡರ್ ಇಟ್ಟ ವಾದ ಸರಳವಾಗಿತ್ತು. ರೈಲು ಬರುವಾಗ ಗೇಟು ಹಾಕುತ್ತೇವೆ, ಹೋದ ಮೇಲೆ ತೆಗೆಯುತ್ತೇವೆ. ರೈಲು ಬರಬಹುದು ಎಂದು ದಿನವಿಡೀ ಗೇಟು ಹಾಕಿಟ್ಟರೆ ಹೇಗೆ? ನೀರು ಬಿಡದ ಹೊತ್ತಿನಲ್ಲಿ ಅಲ್ಲಿ ಅಪಾಯವಿಲ್ಲ, ಬಿಟ್ಟಾಗ ಮಾತ್ರ ತಡೆಯಿರಿ ಎಂಬುದು ಅವರ ಬೇಡಿಕೆ. ನೀವು ಕೇಳಿದ್ದೂ ಅದನ್ನೇ ಅಲ್ಲವೆ? ಎರಡೂ ರಾಜ್ಯಗಳ, ಎರಡೂ ಪಕ್ಷಗಳ ಸಂಸದರು ಸೇರಿ ‘ಮೀನು ಹಿಡಿಯುವ ಸ್ವಾತಂತ್ರ್ಯ’ ಎಂಬ ಹೆಸರಿನ ಮಸೂದೆ ತಂದರು. 2013ರ ಜೂನ್ 3ರಂದು ಅಧ್ಯಕ್ಷ ಒಬಾಮ ಅದಕ್ಕೆ ಸಹಿ ಹಾಕಿದರು. ಎರಡು ವರ್ಷ ಆ ತಡೆ ಕಟ್ಟುವಂತಿಲ್ಲ ಎಂದಾಯಿತು, ಆಮೇಲೆ ಆ ಅವಧಿಯನ್ನು ಮುಂದುವರಿಸಿದರು. ಅಣೆಕಟ್ಟಿನ ಬುಡದ ಮೀನಿಗಾಗಿ ಒಂದು ದೇಶದ ಸಂಸತ್ತು ಕಾನೂನು ಮಾಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಅವರ ವಾದ ನನಗೆ ಹಿಡಿಸುತ್ತದೆ, ಆದರೆ ಪೂರ್ತಿ ಅಲ್ಲ. ರೈಲಿಗೆ ವೇಳಾಪಟ್ಟಿ ಇದೆ, ಗೇಟಿನಲ್ಲಿ ಒಬ್ಬ ಕಾವಲುಗಾರ ಇದ್ದಾನೆ, ಗಂಟೆ ಬಾರಿಸುತ್ತದೆ. ಕೃಷ್ಣೆಗೆ ಬರುವ ನೀರಿಗೆ ಅಂಥ ವೇಳಾಪಟ್ಟಿ ಯಾರ ಹತ್ತಿರ ಇದೆ? ನೀರು ಬಿಡುವ ಸುದ್ದಿ ದಂಡೆಯಲ್ಲಿ ಒಂಟಿಯಾಗಿ ಕೂತವನಿಗೆ ತಲುಪುವುದು ಹೇಗೆ? ಸೈರನ್ನು ಕೂಗಿದರೂ ಅದು ಎಷ್ಟು ದೂರ ಕೇಳುತ್ತದೆ, ಕೇಳಿದ ಮೇಲೆ ಬಂಡೆ ಇಳಿದು ದಂಡೆ ಸೇರಲು ಎಷ್ಟು ಹೊತ್ತು ಬೇಕು? ಇದಕ್ಕೆ ಉತ್ತರ ಇರುವ ಜಾಗದಲ್ಲಿ ಹೊತ್ತು ನೋಡಿ ತಡೆಯುವುದು ನ್ಯಾಯ. ಉತ್ತರ ಇಲ್ಲದ ಜಾಗದಲ್ಲಿ ವರ್ಷವಿಡೀ ತಡೆಯುವುದನ್ನು ಬಿಟ್ಟರೆ ಕಾವಲಿನವನಿಗೆ ಬೇರೆ ಉಪಾಯ ತೋಚುವುದಿಲ್ಲ, ಅವನನ್ನು ನಾನು ಬೈಯಲಾರೆ. ಬೈಯಬೇಕಾದದ್ದು ಸೈರನ್ನು, ಗೆರೆ, ಫಲಕ ಇವುಗಳ ಖರ್ಚು ಉಳಿಸಿ ‘ಪ್ರವೇಶ ನಿಷೇಧ’ ಎಂಬ ಒಂದೇ ಬೋರ್ಡಿನಲ್ಲಿ ಕೆಲಸ ಮುಗಿಸುವ ಅಭ್ಯಾಸವನ್ನು.

ಇನ್ನೊಂದು ವ್ಯತ್ಯಾಸ ನೋಡಿ. ಕಂಬರ್‌ಲ್ಯಾಂಡಿನಲ್ಲಿ ಆ ದಳ ತಡೆಯಹೊರಟದ್ದು ನೀರಿನ ಮೇಲಿನ ದೋಣಿಯನ್ನು. ದಂಡೆಯ ಮೇಲೆ ಕೂತು ಗಾಳ ಹಾಕುವವರನ್ನು ಅದು ಏಳಿಸುವ ಮಾತಾಡಿರಲಿಲ್ಲ. ಟೆನೆಸೀಯಲ್ಲಿ ಅಣೆಕಟ್ಟಿನ ಕೆಳಗೆ ದೋಣಿಯಲ್ಲಿರುವವರು ಲೈಫ್ ಜಾಕೆಟ್ ತೊಟ್ಟಿರಲೇಬೇಕಾದ ಜಾಗಗಳನ್ನು ಗುರುತು ಮಾಡಿದ್ದಾರೆ. ನಮ್ಮಲ್ಲಿ ದೋಣಿ, ಬಲೆ, ದಂಡೆ, ನಡುಗಡ್ಡೆಯ ಬಂಡೆ ಎಲ್ಲಕ್ಕೂ ಒಂದೇ ‘ಏಳ್ರಿ’. ಎತ್ತರದ ದಂಡೆಯಲ್ಲಿ, ಗೇಟಿನಿಂದ ದೂರ, ಬೆನ್ನ ಹಿಂದೆ ಒಣನೆಲ ಇರುವವನನ್ನು ಬೇಸಿಗೆಯಲ್ಲಿ ಎಬ್ಬಿಸುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. ಹೊಳೆಯ ನಡುವಿನ ಬಂಡೆಗೆ ದಾಟಿ ಹೋಗಿ ಕೂತವನನ್ನು ಎಬ್ಬಿಸದಿದ್ದರೆ ತಪ್ಪು. ನೀವು ಯಾವ ಕಡೆ ಕೂಡುತ್ತೀರೋ ಬರೆದಿಲ್ಲ.

ಕರ್ನಾಟಕದಲ್ಲೇ ಗಾಳದವರಿಗೂ ಸರ್ಕಾರಕ್ಕೂ ದೊಡ್ಡ ಜಟಾಪಟಿಯಾದದ್ದು ಕಾವೇರಿಯಲ್ಲಿ. ಅದು ಅಣೆಕಟ್ಟಿನ ಬುಡದ ಜಗಳವಲ್ಲ, ಕಾಡಿನದು. ಭೀಮೇಶ್ವರಿ, ದೊಡ್ಡಮಕಳಿ, ಗಾಲಿಬೋರೆಗಳಲ್ಲಿ ಜಂಗಲ್ ಲಾಡ್ಜಸ್‌ನವರ ಗಾಳದ ಶಿಬಿರಗಳಿದ್ದವು. ಮಹಶೀರ್ ಮೀನು ಹಿಡಿಯಲು ದೇಶವಿದೇಶದವರು ಬರುತ್ತಿದ್ದರು. ಹಿಡಿದು, ತೂಗಿ, ಫೋಟೊ ತೆಗೆಸಿಕೊಂಡು ವಾಪಸ್ ನೀರಿಗೆ ಬಿಡುವುದು ನಿಯಮ. 1946ರ ಮಾರ್ಚ್ 22ರಂದು ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಎಳೆದು ಹಾಕಿದ ದಾಖಲೆಯ ಸೆಳೆತ ಅದು. ಆದರೆ ಆ ಹೊಳೆಪಾತ್ರ 1987ರಿಂದ ಕಾವೇರಿ ವನ್ಯಜೀವಿಧಾಮದೊಳಗೆ ಸೇರಿತ್ತು. ಹಿಡಿದು ಬಿಡುವುದೂ ವನ್ಯಜೀವಿ ಕಾಯ್ದೆಗೆ ವಿರುದ್ಧ ಎಂಬ ನಿಲುವು ಬಲವಾಗಿ, 2012ರ ಹೊತ್ತಿಗೆ ಗಾಳ ನಿಂತಿತು.

ಗಾಳದವರು, ಅವರ ಜೊತೆ ಕೆಲವು ವಿಜ್ಞಾನಿಗಳೂ, ಇದನ್ನು ವಿರೋಧಿಸಿದರು. ನಾವು ಅಲ್ಲಿದ್ದಾಗ ಕಾವಲಿತ್ತು, ಸಿಡಿಮದ್ದಿನವರು ಹತ್ತಿರ ಬರುತ್ತಿರಲಿಲ್ಲ, ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರಿಗೇ ಹರಿಗೋಲು ನಡೆಸುವ ಕೆಲಸ ಸಿಕ್ಕಿತ್ತು ಎಂಬುದು ಅವರ ಮಾತು. ಅದರಲ್ಲಿ ಹುರುಳಿದೆ. ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಯಾರು ಯಾವ ಮೀನು ಹಿಡಿದರು ಎಂದು ಬರೆದಿಟ್ಟ ಪುಸ್ತಕಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮುಂತಾದವರು ಕೂತು ಲೆಕ್ಕ ಹಾಕಿದರು. ಕಾವೇರಿಯಲ್ಲಿ ಮಾತ್ರ ಇರುವ ಡುಬ್ಬದ ಮಹಶೀರ್ ಸದ್ದಿಲ್ಲದೆ ಕಾಣೆಯಾಗುತ್ತಿದೆ ಎಂಬುದು ಲೋಕಕ್ಕೆ ಗೊತ್ತಾದದ್ದು ಆ ಗಾಳದ ಲೆಕ್ಕದಿಂದ. 2018ರಲ್ಲಿ ಅದು ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಅದರ ಜಾಗಕ್ಕೆ ಬಂದದ್ದು ನೀಲಿ ರೆಕ್ಕೆಯ ಇನ್ನೊಂದು ಮಹಶೀರ್, ಲೋನಾವಳದ ಕೆರೆಗಳಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಮರಿ ಮಾಡಿಸಿ ಹಂಚಿದ ಜಾತಿ. ಲೋನಾವಳ ಎಂದರೆ ಇಂದ್ರಾಯಣಿ, ಇಂದ್ರಾಯಣಿ ಎಂದರೆ ಭೀಮೆಯ ಉಪನದಿ. ಆ ಜಾತಿಯನ್ನು 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಮೊದಲು ಹೆಸರಿಟ್ಟು ವರ್ಣಿಸಿದ್ದೂ ಪುಣೆಯ ಮುಳಾ–ಮುಠಾ ಹೊಳೆಯಿಂದಲೇ, ಅದೂ ಭೀಮೆಗೇ ಸೇರುತ್ತದೆ. ನಿಮ್ಮ ಹೊಳೆಯ ಮೀನು ಕಾವೇರಿಗೆ ಹೋಗಿ ಅಲ್ಲಿಯದನ್ನು ಒತ್ತರಿಸಿತು ಎಂದು ನಿಮಗೆ ಹೇಳದಿರಲು ಮನಸ್ಸಾಗಲಿಲ್ಲ.

ಆದರೆ ಕಾವೇರಿಯ ಗಾಳದವರನ್ನೂ ಕೃಷ್ಣೆಯ ಮೀನುಗಾರರನ್ನೂ ಒಂದೇ ತಕ್ಕಡಿಯಲ್ಲಿ ಹಾಕಲಾಗದು. ಅಲ್ಲಿ ನಿಂತದ್ದು ರಜೆಯ ವಿನೋದ. ನಿಮ್ಮ ಸೀಮೆಯಲ್ಲಿ ಕಬ್ಬಲಿಗರು, ಅಂಬಿಗರು ಹೊಳೆಯನ್ನೇ ನಂಬಿದವರು. ಜುಲೈಯಿಂದ ಅಕ್ಟೋಬರಿನವರೆಗೆ ‘ನದಿಗೆ ಇಳಿಯಬೇಡಿ’ ಎಂಬ ಒಂದು ಸಾಲಿನ ಆದೇಶ ಅವರಿಗೆ ನಾಲ್ಕು ತಿಂಗಳ ಕೂಲಿ ಹೋದಂತೆ. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್, ಜುಲೈ ಎರಡು ತಿಂಗಳು ರಜೆ ಎಂದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ಆ ರಜೆಗೆ ಮನೆ ಸಜ್ಜಾಗಿರುತ್ತದೆ. ಹೊಳೆಯವರಿಗೆ ಆ ಭಾಗ್ಯವಿಲ್ಲ, ಡಂಗುರ ಯಾವಾಗ ಬರುತ್ತದೋ ಆಗ. ಹೀಗಾಗಿ ‘ಗಾಳದವರ ಹಕ್ಕು’ ಎಂದು ಯಾರಾದರೂ ಮಾತಾಡಿದರೆ, ಮೊದಲು ಬಲೆಯವರ ಹೊಟ್ಟೆಯ ಮಾತಾಡಿ ಅನ್ನುತ್ತೇನೆ.

ಗುತ್ತಿಗೆಯ ವಿಷಯ ಚಿಕ್ಕದಾಗಿ. ಹೊಳೆಯ ಭಾಗಗಳನ್ನೂ ಕೆರೆಗಳನ್ನೂ ಇಲಾಖೆ ಮೀನುಗಾರರ ಸಹಕಾರ ಸಂಘಗಳಿಗೋ ಹರಾಜಿನಲ್ಲಿ ಹಿಡಿದವರಿಗೋ ಕೊಡುತ್ತದೆ, ಜಲಾಶಯಗಳಲ್ಲಿ ಲೈಸೆನ್ಸ್ ಪದ್ಧತಿಯೂ ಇದೆ. ಗುತ್ತಿಗೆಯ ನೀರಿನಲ್ಲಿ ನಿಮ್ಮನ್ನು ಎಬ್ಬಿಸಿದರೆ ಅದು ಸುರಕ್ಷತೆಯ ಮಾತಲ್ಲ, ದುಡ್ಡಿನ ಮಾತು. ಎಬ್ಬಿಸುವವರು ಹಾಗೆಂದು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಮಧ್ಯಪ್ರದೇಶದ ತವಾ ಜಲಾಶಯದಲ್ಲಿ ಮುಳುಗಡೆಯಾದ ಹಳ್ಳಿಗರೇ ಒಕ್ಕೂಟ ಕಟ್ಟಿಕೊಂಡು 1996ರಿಂದ ಹತ್ತು ವರ್ಷ ಮೀನುಗಾರಿಕೆ ನಡೆಸಿದ್ದರು. ಪಕ್ಕದ ಕಾಡಿನ ಕಾರಣಕ್ಕೆ ಗುತ್ತಿಗೆ ಮುಂದುವರಿಯಲಿಲ್ಲ. ಹೊಲ ಕಳೆದುಕೊಂಡವರಿಗೆ ನೀರಾದರೂ ಸಿಗಲಿ ಎಂಬ ಆ ಮಾತು ಕೃಷ್ಣಾ ಮುಳುಗಡೆಯ ಸೀಮೆಯಲ್ಲಿ ಇನ್ನೂ ಗಟ್ಟಿಯಾಗಿ ಕೇಳಬೇಕಿತ್ತು.

ಈಗ ನೀವು ಏನು ಮಾಡಬಹುದು? ಎಬ್ಬಿಸಿದವರ ಜೊತೆ ದಂಡೆಯಲ್ಲಿ ವಾದ ಬೇಡ, ಎದ್ದುಬಿಡಿ. ಆಮೇಲೆ ಕೇಳಿ: ಇದು ಯಾರ ಆದೇಶ, ಯಾವ ತಾರೀಕಿನದು, ಎಲ್ಲಿಂದ ಎಲ್ಲಿಗೆ? ಜಿಲ್ಲಾಧಿಕಾರಿಯವರು ಹಿಂದೆ 144ನೇ ಕಲಮಿನಡಿ ಹೊರಡಿಸುತ್ತಿದ್ದ ನಿಷೇಧಾಜ್ಞೆ 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿಗೆ ಬಂದಿದೆ. ಸಾಮಾನ್ಯವಾಗಿ ಅದರ ಆಯಸ್ಸು ಎರಡು ತಿಂಗಳು. ರಾಜ್ಯ ಸರ್ಕಾರ ಬೇಕೆಂದರೆ ಇನ್ನೂ ಆರು ತಿಂಗಳವರೆಗೆ ಬೆಳೆಸಬಹುದು. ಅಂದರೆ ಆಗಸ್ಟಿನ ಪ್ರವಾಹಕ್ಕೆ ಹೊರಡಿಸಿದ ಆದೇಶ ತೋರಿಸಿ ಮೇ ತಿಂಗಳಲ್ಲಿ ನಿಮ್ಮನ್ನು ಏಳಿಸಲಾಗದು. ಅಣೆಕಟ್ಟಿನ ಭದ್ರತಾ ಜಾಗದ ಮಾತು ಬೇರೆ, ಅದು ವರ್ಷವಿಡೀ ಇರುತ್ತದೆ, ಅಲ್ಲಿ ಹಟ ಮಾಡಬೇಡಿ. ಯಾವ ನೀರು ಗುತ್ತಿಗೆಯಲ್ಲಿದೆ, ಯಾವುದು ಇಲ್ಲ, ಮೊಟ್ಟೆಯ ಹಂಗಾಮಿಗೆ ಏನು ನಿಯಮ ಎಂಬುದನ್ನು ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಬಾಯಿಮಾತಿನ ಉತ್ತರ ದಂಡೆಯಲ್ಲಿ ನಿಲ್ಲುವುದಿಲ್ಲ. ನಿಮ್ಮ ಊರಲ್ಲಿ ಮೀನನ್ನೇ ಕಸುಬು ಮಾಡಿಕೊಂಡವರಿದ್ದರೆ ಅವರಿಗೆ ಇನ್ನೊಂದು ಮಾತು ಹೇಳಿ: ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಅಪಘಾತ ವಿಮೆ ಇದೆ, ಸಾವಾದರೆ 5 ಲಕ್ಷ ರೂಪಾಯಿ. ಹೆಸರು ಮೊದಲೇ ನೋಂದಾಯಿಸಿರಬೇಕು.

ಇನ್ನುಳಿದದ್ದು ಮೊಸಳೆ. ಖರೆ, ಕೃಷ್ಣೆಯಲ್ಲಿ ಅದಾವ, ಸುರಪುರದಿಂದ ರಾಯಚೂರಿನವರೆಗೂ. ಜೌಗು ಮೊಸಳೆ, ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರುವ ಪ್ರಾಣಿ, ಅದನ್ನು ಮುಟ್ಟುವಂತಿಲ್ಲ. ಬೇಸಿಗೆಗೆ ಹೊಳೆ ಬತ್ತಿ ಮಡುಗಳು ಉಳಿದಾಗ ಅವೂ ಮೀನೂ ಗಾಳದವರೂ ಅದೇ ಮಡುವಿಗೆ ಬರುತ್ತಾರೆ. ಮರಳಿನ ದಂಡೆಯಲ್ಲಿ ಅವು ತತ್ತಿಯಿಟ್ಟು ಕಾಯುವ ಕಾಲವೂ ಬೇಸಿಗೆಯೇ. ಮೀನು ಕೊಯ್ದ ಕರುಳು, ತಲೆ ನೀರಿಗೆ ಎಸೆಯಬೇಡಿ. ಕಾಲು ಇಳಿಬಿಟ್ಟು ಕೂಡಬೇಡಿ, ನೀರಿನಿಂದ ನಾಲ್ಕು ಮಾರು ಹಿಂದಕ್ಕೆ ಕೂತು ಉದ್ದನೆಯ ಕೋಲು ಹಿಡಿಯಿರಿ. ಹಿಡಿದ ಮೀನನ್ನು ದಾರಕ್ಕೆ ಪೋಣಿಸಿ ನೀರಲ್ಲಿ ಇಳಿಬಿಡುವ ರೂಢಿ ಇದ್ದರೆ ಅದನ್ನೂ ಬಿಡಿ, ಬುಟ್ಟಿಯಲ್ಲಿ ಹಸಿ ಗೋಣಿಚೀಲ ಮುಚ್ಚಿ ದಂಡೆಯ ಮೇಲಿಡಿ.